ಮಗುವಿನ ಆಟವೇ ಮಗುವಿನ ಮಾತು

(ಗ್ರಾಮೀಣ ದಂಪತಿಗಳ ಸಭೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯೊಬ್ಬರು ಮಾಡಿದ ಭಾಷಣದ ಪೂರ್ಣಪಾಠ)



ಕುಟುಂಬ ಕಲ್ಯಾಣವೆಂದೊಡನೆ ನಮ್ಮ ಮನಸ್ಸಿಗೆ ಬರುವ ಸಂಗತಿಗಳು ಚುಚ್ಚುಮದ್ದು, ಪೌಷ್ಟಿಕ ಆಹಾರ, ಬಾಣಂತಿಯ ಆರೈಕೆ, ಹೆರಿಗೆಗಳ ನಡುವಣ ಅಂತರ ಮತ್ತು ಮಿತ ಸಂತಾನ. ಇವೆಲ್ಲವೂ ಮುಖ್ಯವಾದವುಗಳೇ. ಯಾವ ತಿಂಗಳಿನಲ್ಲಿ ಯಾವ ಲಸಿಕೆ ಹಾಕಿಸಬೇಕೆಂಬುದನ್ನು ಇಂದು ಅನೇಕ ಹಳ್ಳಿಯ ತಾಯಂದಿರು ಬೆರಳು ಮಡಿಚಿ ಹೇಳಬಲ್ಲರು. ಆದರೆ ಮಗುವಿನ ಮನಸ್ಸಿಗೂ ಆರೋಗ್ಯವೆಂಬುದುಂಟು, ಅದಕ್ಕೂ ನೋವು ತಾಗುತ್ತದೆ, ಅದಕ್ಕೂ ಆರೈಕೆ ಬೇಕು ಎಂಬ ವಿಷಯವನ್ನು ನಾವು ಅಷ್ಟಾಗಿ ಯೋಚಿಸುವುದಿಲ್ಲ. ಈ ಆರೈಕೆಗೆ ಬೇಕಾದ ಸಾಧನವೊಂದು ಪ್ರತಿಯೊಂದು ಮನೆಯ ಅಂಗಳದಲ್ಲಿಯೂ ಇದೆ. ಅದಕ್ಕೆ ಹಣದ ಖರ್ಚಿಲ್ಲ. ಅದೇ ಆಟ. ಅದನ್ನು ಕುರಿತು ನಿಮ್ಮೊಡನೆ ಕೆಲವು ಮಾತುಗಳನ್ನು ಹಂಚಿಕೊಳ್ಳಲು ಬಯಸುತ್ತೇನೆ.

‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂಬ ಮಾತು ನಮ್ಮಲ್ಲಿ ಬಳಕೆಯಲ್ಲಿದೆ. ಹಗುರವಾದ ಕೆಲಸವನ್ನು ‘ಮಕ್ಕಳಾಟ’ ಎನ್ನುತ್ತೇವೆ. ದೊಡ್ಡವರ ವ್ಯವಹಾರಕ್ಕೆ ಈ ಮಾತುಗಳು ಒಪ್ಪಬಹುದು. ಮಕ್ಕಳ ಪಾಲನೆಯಲ್ಲಾದರೋ ಲೆಕ್ಕಕ್ಕೆ ಬರುವುದೇ ಆಟ. ಹೊಟ್ಟೆ ತುಂಬ ಉಂಡು, ನಿದ್ರೆ ಮಾಡಿ ಎದ್ದ, ರೋಗವಿಲ್ಲದ ಮಗು ಸುಮ್ಮನೆ ಕೂಡುವುದಿಲ್ಲ. ಕೈಗೆ ಸಿಕ್ಕಿದ್ದನ್ನು ಹಿಡಿದು ಆಡತೊಡಗುತ್ತದೆ. ಜ್ವರ, ರಕ್ತಹೀನತೆ, ಪೌಷ್ಟಿಕಾಂಶದ ಕೊರತೆ ಇವುಗಳಲ್ಲಿ ಯಾವುದು ಬಂದರೂ ಮಗು ಆಟವನ್ನು ಬಿಡುತ್ತದೆ. ಮನಸ್ಸಿಗೆ ಪೆಟ್ಟು ಬಿದ್ದರೂ ಹಾಗೆಯೇ. ಆದುದರಿಂದಲೇ ವೈದ್ಯರು ಮಗುವನ್ನು ಪರೀಕ್ಷಿಸುವಾಗ, ‘ಮಗು ಮೊದಲಿನಂತೆ ಆಡುತ್ತಿದೆಯೇ?’ ಎಂದು ತಾಯಿಯನ್ನು ಕೇಳುತ್ತಾರೆ.

ದೊಡ್ಡವರಿಗೆ ದುಃಖವಾದರೆ ನೆರೆಮನೆಯ ಜಗಲಿಯ ಮೇಲೆ ಕುಳಿತು ನಾಲ್ಕು ಮಾತು ಹೇಳಿಕೊಂಡು ಮನಸ್ಸನ್ನು ಹಗುರ ಮಾಡಿಕೊಳ್ಳುತ್ತಾರೆ. ಮೂರು ನಾಲ್ಕು ವರ್ಷದ ಮಗುವಿಗೆ ಆ ಶಕ್ತಿ ಇರುವುದಿಲ್ಲ. ತನಗೆ ಭಯವಾಗಿದೆ, ಹೊಟ್ಟೆಕಿಚ್ಚಾಗಿದೆ, ಸತ್ತುಹೋದ ಅಜ್ಜನ ನೆನಪಾಗುತ್ತಿದೆ ಎಂದು ಹೇಳಲು ಅದಕ್ಕೆ ಮಾತು ಸಾಲದು. ಹೇಳಲಾಗದ ಈ ದುಃಖವು ಹೊಟ್ಟೆನೋವು, ಹಟ, ಕಚ್ಚುವುದು, ರಾತ್ರಿ ಬೆಚ್ಚಿಬೀಳುವುದು ಮುಂತಾದ ರೂಪಗಳಲ್ಲಿ ಹೊರಬೀಳುತ್ತದೆ. ಇಲ್ಲವೇ ಆಟದಲ್ಲಿ ಕಾಣಿಸಿಕೊಳ್ಳುತ್ತದೆ. ಚುಚ್ಚುಮದ್ದು ಹಾಕಿಸಿಕೊಂಡು ಮನೆಗೆ ಮರಳಿದ ಮಗುವನ್ನು ಗಮನಿಸಿರಿ. ಮರುದಿನ ಅದು ಕಡ್ಡಿಯೊಂದನ್ನು ಹಿಡಿದು ಗೊಂಬೆಗೋ ತಂಗಿಗೋ ಚುಚ್ಚುತ್ತದೆ; ‘ಅಳಬೇಡ, ಆಯಿತು’ ಎಂದು ಸಮಾಧಾನವನ್ನೂ ಮಾಡುತ್ತದೆ. ಆಸ್ಪತ್ರೆಯಲ್ಲಿ ಅದನ್ನು ಹಿಡಿದುಕೊಂಡವರು ದೊಡ್ಡವರು. ಆಟದಲ್ಲಿ ಅದೇ ಡಾಕ್ಟರು. ಹೆದರಿಕೆಯನ್ನು ತನ್ನ ಕೈಗೆ ತೆಗೆದುಕೊಂಡು, ಹತ್ತು ಸಲ ಆಡಿ, ಕೊನೆಗೆ ಅದನ್ನು ಗೆಲ್ಲುತ್ತದೆ.

ಒಂದು ಉದಾಹರಣೆಯನ್ನು ಕೊಡುತ್ತೇನೆ. ನಮ್ಮ ಆರೋಗ್ಯ ಕೇಂದ್ರಕ್ಕೆ ದಂಪತಿಗಳು ತಮ್ಮ ನಾಲ್ಕು ವರ್ಷದ ಮಗಳನ್ನು ಕರೆತಂದಿದ್ದರು. ಒಂದು ವರ್ಷದಿಂದ ಹಾಸಿಗೆ ಒದ್ದೆ ಮಾಡದಿದ್ದ ಹುಡುಗಿ ಪುನಃ ದಿನವೂ ಒದ್ದೆ ಮಾಡತೊಡಗಿದ್ದಳು. ಊಟಕ್ಕೆ ಕರೆದರೆ ಹಟ, ಮಾತಿಗೆ ಮೊದಲೇ ಅಳು. ಅಜ್ಜಿ ದೃಷ್ಟಿ ತೆಗೆದು ತಾಯಿತ ಕಟ್ಟಿಸಿದ್ದರು. ತಂದೆ ಎರಡೇಟು ಕೊಟ್ಟು ನೋಡಿದ್ದರು. ಎರಡರಿಂದಲೂ ಗುಣ ಕಾಣಲಿಲ್ಲ. ಮೂತ್ರವನ್ನೂ ರಕ್ತದ ಸಕ್ಕರೆಯನ್ನೂ ಪರೀಕ್ಷಿಸಿ ನೋಡಿದೆವು. ಯಾವ ದೋಷವೂ ಇರಲಿಲ್ಲ. ಆ ಮನೆಯಲ್ಲಿ ಮೂರು ತಿಂಗಳ ಗಂಡುಕೂಸೊಂದು ಇದೆಯೆಂಬುದು ವಿಚಾರಿಸಿದಾಗ ತಿಳಿಯಿತು. ಮಗಳು ಏನು ಆಡುತ್ತಾಳೆಂಬುದನ್ನು ಒಂದು ವಾರ ಗದರಿಸದೆ ನೋಡಿ ಬಂದು ಹೇಳಿರೆಂದು ತಾಯಿಗೆ ತಿಳಿಸಿದೆ.

ವಾರದ ನಂತರ ತಾಯಿ ಹೇಳಿದ ಸಂಗತಿ ಹೀಗಿದೆ. ಹುಡುಗಿ ಗುಂಡುಕಲ್ಲೊಂದಕ್ಕೆ ಹಳೆಯ ಬಟ್ಟೆ ಸುತ್ತಿ ಪಾಪು ಮಾಡಿಕೊಳ್ಳುತ್ತಾಳೆ. ಮಡಿಲಲ್ಲಿ ಮಲಗಿಸಿ ತಟ್ಟುತ್ತಾಳೆ. ಅನಂತರ ಅದನ್ನು ಕೊಟ್ಟಿಗೆಯ ಹಿಂದೆ ಎಸೆದುಬರುತ್ತಾಳೆ. ಸ್ವಲ್ಪ ಹೊತ್ತಿನ ಮೇಲೆ ತಾನೇ ಓಡಿಹೋಗಿ ಎತ್ತಿಕೊಂಡು ಬಂದು ಧೂಳು ಕೊಡವಿ ಪುನಃ ಮಲಗಿಸುತ್ತಾಳೆ. ‘ಇಷ್ಟು ಸಣ್ಣ ಮಗುವಿಗೆ ಇಂಥ ಕೆಟ್ಟ ಬುದ್ಧಿ ಎಲ್ಲಿಂದ ಬಂತು ಡಾಕ್ಟ್ರೇ?’ ಎಂದು ಆಕೆ ಕಣ್ಣೀರು ಹಾಕಿದರು. ಅದು ಕೆಟ್ಟ ಬುದ್ಧಿಯಾಗಿರಲಿಲ್ಲ. ‘ಈ ಪಾಪು ಬಂದ ಮೇಲೆ ಅಮ್ಮ ನನ್ನವಳಲ್ಲ, ಆದರೂ ಪಾಪು ಬೇಕು’ ಎಂಬ ಎರಡು ಭಾವನೆಗಳನ್ನು ಆ ಮಗು ಬಾಯಿಂದ ಹೇಳಲಾರದೆ ಕಲ್ಲಿನಿಂದ ಹೇಳುತ್ತಿತ್ತು. ಹೇಳಿದ್ದನ್ನು ಕೇಳುವವರು ಬೇಕಾಗಿತ್ತು, ಅಷ್ಟೆ.

ಆ ದಂಪತಿಗಳು ಎರಡು ಕೆಲಸಗಳನ್ನು ಮಾಡಿದರು. ದಿನವೂ ದೀಪ ಹಚ್ಚುವ ಹೊತ್ತಿಗೆ ತಂದೆ ಕೂಸನ್ನು ಎತ್ತಿಕೊಂಡರು. ತಾಯಿ ಅರ್ಧ ಗಂಟೆ ಮಗಳ ಪಕ್ಕದಲ್ಲಿ ಕುಳಿತು ಅವಳು ಕರೆದ ಆಟಕ್ಕೆ ಸೇರಿದರು. ಕಲ್ಲುಪಾಪುವನ್ನು ಎಸೆದಾಗ ಬಯ್ಯುವ ಬದಲು, ‘ಪಾಪುವಿನ ಮೇಲೆ ಅಕ್ಕನಿಗೆ ಸಿಟ್ಟು ಬಂದಿದೆ’ ಎಂದರು. ಎತ್ತಿ ತಂದಾಗ, ‘ಅಕ್ಕನಿಗೆ ಪಾಪುವನ್ನು ಬಿಟ್ಟಿರಲು ಮನಸ್ಸಿಲ್ಲ’ ಎಂದರು. ಹಾಸಿಗೆ ಒದ್ದೆಯಾದರೆ ಯಾರೂ ನಾಚಿಕೆಪಡಿಸಲಿಲ್ಲ. ಎರಡು ತಿಂಗಳಲ್ಲಿ ಹಾಸಿಗೆ ಒಣಗಿತು. ತಮ್ಮನನ್ನು ಈಗಲೂ ಒಮ್ಮೊಮ್ಮೆ ಚಿವುಟುತ್ತಾಳಂತೆ. ಚಿವುಟಿದ ಮೇಲೆ ತಾನೇ ತೊಟ್ಟಿಲನ್ನೂ ತೂಗುತ್ತಾಳಂತೆ.

ಆಟದ ಮೂಲಕ ಮಗುವಿನ ಮನಸ್ಸಿಗೆ ಚಿಕಿತ್ಸೆ ನೀಡುವ ಈ ವಿಧಾನಕ್ಕೆ ‘ಆಟ ಚಿಕಿತ್ಸೆ’ ಎಂದು ಹೆಸರು. ಇದು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಲಂಡನ್ ನಗರದಲ್ಲಿ 1928ರಲ್ಲಿ ಮಾರ್ಗರೆಟ್ ಲೋವೆನ್‌ಫೆಲ್ಡ್ ಎಂಬ ಮಕ್ಕಳ ವೈದ್ಯೆ ಚಿಕಿತ್ಸಾಲಯವೊಂದನ್ನು ತೆರೆದರು. ಮರಳು ತುಂಬಿದ ತಟ್ಟೆಗಳನ್ನೂ ಸಣ್ಣ ಸಣ್ಣ ಗೊಂಬೆಗಳನ್ನೂ ಅಲ್ಲಿಟ್ಟು, ಮಕ್ಕಳು ಅವುಗಳಿಂದ ಕಟ್ಟುವ ಪುಟ್ಟ ಲೋಕಗಳನ್ನು ನೋಡಿ ಅವರ ಮನಸ್ಸನ್ನು ಅರಿಯಲು ಯತ್ನಿಸಿದರು. ಅಮೆರಿಕದ ವರ್ಜೀನಿಯಾ ಆಕ್ಸ್‌ಲೈನ್ ಅವರು 1947ರಲ್ಲಿ ಈ ವಿಷಯವಾಗಿ ಒಂದು ಗ್ರಂಥವನ್ನೇ ಪ್ರಕಟಿಸಿದರು. ಮಗುವನ್ನು ಇದ್ದ ಹಾಗೆಯೇ ಒಪ್ಪಿಕೊಳ್ಳಬೇಕು, ದಾರಿ ತೋರಿಸುವುದು ಮಗುವಿನ ಕೆಲಸ, ಹಿಂಬಾಲಿಸುವುದು ದೊಡ್ಡವರ ಕೆಲಸ, ಆತುರ ಪಡಬಾರದು ಎಂಬುದು ಅವರ ಬೋಧನೆಯ ಸಾರ. ನಮ್ಮ ಬೆಂಗಳೂರಿನಲ್ಲಿ 1974ರಲ್ಲಿ ಸ್ಥಾಪಿತವಾದ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಮಕ್ಕಳ ಮನೋವೈದ್ಯ ವಿಭಾಗವಿದೆ.

ಹಾಗಾದರೆ ಪರಿಣತರಿಲ್ಲದ ಹಳ್ಳಿಯಲ್ಲಿ ನಾವೇನು ಮಾಡಬೇಕು ಎಂದು ನೀವು ಕೇಳಬಹುದು. ಇದಕ್ಕೂ ಉತ್ತರವುಂಟು. ಅಮೆರಿಕದ ಬರ್ನಾರ್ಡ್ ಗರ್ನಿ ಮತ್ತು ಲೂಯಿಸ್ ಗರ್ನಿ ಎಂಬ ದಂಪತಿಗಳು 1960ರ ದಶಕದಲ್ಲಿ ಹೊಸ ವಿಧಾನವೊಂದನ್ನು ರೂಪಿಸಿದರು. ಚಿಕಿತ್ಸಕರು ಮಗುವಿನೊಡನೆ ಆಡುವುದಕ್ಕೆ ಬದಲಾಗಿ, ಹೇಗೆ ಆಡಬೇಕೆಂಬುದನ್ನು ತಾಯಿತಂದೆಯರಿಗೇ ಕಲಿಸತೊಡಗಿದರು. ಮಗುವಿಗೆ ಜಗತ್ತಿನಲ್ಲಿ ಅತ್ಯಂತ ಬೇಕಾದವರು ತಾಯಿತಂದೆಯರೇ ಆದುದರಿಂದ ಅವರ ಕೈಯಿಂದ ದೊರೆತ ಸಮಾಧಾನವು ಆಳವಾಗಿ ನಾಟುತ್ತದೆ. ಮನೆಯಲ್ಲಿ ಆಡುವ ಆಟವು ಪರಿಣತರ ಚಿಕಿತ್ಸೆಗೆ ಸಮನಲ್ಲದಿದ್ದರೂ ದಿನನಿತ್ಯದ ಸಣ್ಣಪುಟ್ಟ ಭಯ ದುಃಖಗಳಿಗೆ ಅದು ಮೊದಲ ಔಷಧ. ಅದರ ಕ್ರಮವನ್ನು ಈಗ ಹೇಳುತ್ತೇನೆ.

ಮೊದಲನೆಯದಾಗಿ, ದಿನದಲ್ಲಿ ಅರ್ಧ ಗಂಟೆಯನ್ನು ಮಗುವಿಗಾಗಿ ಮೀಸಲಿಡಿರಿ. ಅಷ್ಟು ಸಾಧ್ಯವಾಗದಿದ್ದರೆ ಇಪ್ಪತ್ತು ನಿಮಿಷವಾದರೂ ಇರಲಿ. ಕಬ್ಬು ಕಡಿಯಲು ವಲಸೆ ಹೋದವರ ಗುಡಿಸಲಿನಲ್ಲಿಯೂ ಇಷ್ಟು ಸಮಯ ದೊರೆತೀತು. ಆ ವೇಳೆಯಲ್ಲಿ ಮೊಬೈಲ್ ದೂರವಿರಲಿ. ಎರಡನೆಯದಾಗಿ, ಯಾವ ಆಟವೆಂಬುದನ್ನು ಮಗುವೇ ನಿರ್ಧರಿಸಲಿ. ನೀವು ಗಿರಾಕಿಯಾಗಬೇಕೆಂದರೆ ಗಿರಾಕಿಯಾಗಿರಿ, ಎತ್ತಾಗಬೇಕೆಂದರೆ ಎತ್ತಾಗಿರಿ. ಮೂರನೆಯದಾಗಿ, ಆಟವನ್ನು ಪಾಠ ಮಾಡಬೇಡಿರಿ. ‘ಇದೆಷ್ಟು? ಇದರ ಬಣ್ಣ ಯಾವುದು?’ ಎಂದು ಪ್ರಶ್ನಿಸುತ್ತ ಹೋದರೆ ಮಗು ಮಾತು ನಿಲ್ಲಿಸುತ್ತದೆ. ಕಂಡದ್ದನ್ನು ಹೇಳಿದರೆ ಸಾಕು: ‘ಗೊಂಬೆ ಬಾಗಿಲ ಹಿಂದೆ ಬಚ್ಚಿಟ್ಟುಕೊಂಡಿದೆ, ಅದಕ್ಕೆ ಹೆದರಿಕೆಯಾಗಿದೆ.’

ನಾಲ್ಕನೆಯದಾಗಿ, ಮಿತಿ ಇರಲಿ. ತನಗಾಗಲೀ ಇತರರಿಗಾಗಲೀ ನೋವು ಮಾಡುವಂತಿಲ್ಲ, ಮನೆಯ ವಸ್ತುಗಳನ್ನು ಒಡೆಯುವಂತಿಲ್ಲ. ಇದನ್ನು ಶಾಂತವಾಗಿ ಒಮ್ಮೆ ಹೇಳಿ, ‘ಸಿಟ್ಟಿದ್ದರೆ ಈ ದಿಂಬಿಗೆ ಗುದ್ದು’ ಎಂದು ಬೇರೆ ದಾರಿ ತೋರಿಸಿರಿ. ಐದನೆಯದಾಗಿ, ಮುಗಿಯುವುದಕ್ಕೆ ಐದು ನಿಮಿಷ ಮೊದಲೇ ಮಗುವಿಗೆ ತಿಳಿಸಿರಿ; ನಾಳೆಯೂ ಆಡುವೆವೆಂದು ಹೇಳಿರಿ; ಹೇಳಿದಂತೆ ನಡೆದುಕೊಳ್ಳಿರಿ. ಕೊನೆಯದಾಗಿ, ಮಗು ಆಟದಲ್ಲಿ ತೋರಿಸಿದ ಗುಟ್ಟನ್ನು ನೆಂಟರಿಷ್ಟರ ಮುಂದೆ ಹೇಳಿ ನಗಬೇಡಿರಿ. ಮುಂದೆ ಅದು ತನ್ನ ಮನಸ್ಸನ್ನು ನಿಮಗೆ ತೋರಿಸಲು ಹಿಂಜರಿಯುತ್ತದೆ.

ಆಟದ ಸಾಮಾನಿಗೆ ಹಣವೆಲ್ಲಿದೆ ಎಂಬ ಚಿಂತೆ ಬೇಡ. ಚನ್ನಪಟ್ಟಣದ ಮರದ ಗೊಂಬೆ ದೊರೆತರೆ ಸಂತೋಷ; ದೊರೆಯದಿದ್ದರೆ ತೆಂಗಿನ ಕರಟ, ಜೋಳದ ದಂಟಿನ ಬಂಡಿ, ಹಳೆಯ ಸೀರೆಯ ಗೊಂಬೆ, ಬೆಂಕಿಪೊಟ್ಟಣದ ಖಾಲಿ ಡಬ್ಬಿ, ಮರಳು, ನೀರು ಇವೇ ಸಾಕು. ಜೇಡಿಮಣ್ಣಂತೂ ಬಹಳ ಉತ್ತಮ. ಉತ್ತರ ಕರ್ನಾಟಕದ ಮಕ್ಕಳು ಮಣ್ಣೆತ್ತಿನ ಅಮಾವಾಸ್ಯೆಯಂದು ತಿದ್ದುವ ಎತ್ತುಗಳನ್ನು ನೀವೆಲ್ಲ ಬಲ್ಲಿರಿ. ಮನೆಯಲ್ಲೇ ಮಾಡಿದ ಆಟಿಕೆಗಳ ಶಕ್ತಿ ಎಷ್ಟೆಂಬುದಕ್ಕೆ, ನಮ್ಮಂತೆಯೇ ಬಡತನವನ್ನು ಕಂಡ ಜಮೈಕಾ ಎಂಬ ದ್ವೀಪರಾಷ್ಟ್ರದಲ್ಲಿ ಒಂದು ಪುರಾವೆ ದೊರೆತಿದೆ.

ಆ ದೇಶದ ಕಿಂಗ್‌ಸ್ಟನ್ ನಗರದ ಬಡ ಬಡಾವಣೆಗಳಲ್ಲಿ, ಸರಿಯಾದ ಪೋಷಣೆಯಿಲ್ಲದೆ ಎತ್ತರ ಕುಂಠಿತವಾಗಿದ್ದ 129 ಮಕ್ಕಳನ್ನು 1986-87ರಲ್ಲಿ ಆರಿಸಿಕೊಳ್ಳಲಾಯಿತು. ಅವರ ವಯಸ್ಸು 9ರಿಂದ 24 ತಿಂಗಳು. ಕೆಲವರಿಗೆ ವಾರಕ್ಕೆ ಒಂದು ಕಿಲೋ ಹಾಲಿನ ಪುಡಿಯ ಆಹಾರ ಕೊಟ್ಟರು. ಕೆಲವರ ಮನೆಗೆ, ನಮ್ಮ ಆಶಾ ಕಾರ್ಯಕರ್ತೆಯರಂತಹ ಆರೋಗ್ಯ ಸಹಾಯಕಿಯರು ವಾರಕ್ಕೊಮ್ಮೆ ಹೋಗಿ, ಮನೆಯಲ್ಲೇ ತಯಾರಿಸಬಹುದಾದ ಆಟಿಕೆಗಳಿಂದ ಮಗುವಿನೊಡನೆ ಆಡುವುದನ್ನು ತಾಯಿಗೆ ತೋರಿಸಿಕೊಟ್ಟರು. ಕೆಲವರಿಗೆ ಎರಡೂ ದೊರೆತವು. ಉಳಿದವರಿಗೆ ಎರಡೂ ಇರಲಿಲ್ಲ. ಇದು ಎರಡು ವರ್ಷ ನಡೆಯಿತು. ಆಟ ದೊರೆತ ಮಕ್ಕಳಲ್ಲಿ 17-18ರ ವಯಸ್ಸಿನಲ್ಲಿ ಆತಂಕ, ಖಿನ್ನತೆ ಕಡಿಮೆಯಾಗಿದ್ದು, ತಮ್ಮ ಬಗ್ಗೆ ತಮಗೆ ಗೌರವ ಹೆಚ್ಚಾಗಿತ್ತು. ಸುಮಾರು 22ರ ವಯಸ್ಸಿನಲ್ಲಿ ಅವರ ಸಂಪಾದನೆಯು ಆಟ ದೊರೆಯದವರಿಗಿಂತ ಶೇಕಡಾ 25ರಷ್ಟು ಅಧಿಕವಾಗಿತ್ತೆಂದು 2014ರಲ್ಲಿ ಪ್ರಕಟವಾಯಿತು. ಆಹಾರ ಅನಾವಶ್ಯಕವೆಂದು ಇದರ ಅರ್ಥವಲ್ಲ. ಹೊಟ್ಟೆಗೆ ಅನ್ನ ಬೇಕೇ ಬೇಕು. ಆದರೆ ಅನ್ನವಿಕ್ಕಿದ ಕೈ ಮಗುವಿನೊಡನೆ ಆಡಲೂ ಬೇಕು.

ಇದುವರೆಗೆ ಮಗುವಿನ ಒಳಮನಸ್ಸಿನ ವಿಷಯವಾಯಿತು. ನಾಲ್ಕು ಜನರೊಡನೆ ಬಾಳುವುದನ್ನು ಕಲಿಸುವುದೂ ಆಟವೇ. ಲಗೋರಿಯಲ್ಲಿ ಬಿದ್ದ ಬಿಲ್ಲೆಗಳನ್ನು ಒಬ್ಬನೇ ಜೋಡಿಸಲಾರ; ಚೌಕಾಬಾರದಲ್ಲಿ ತನ್ನ ಸರದಿಗಾಗಿ ಕಾಯಲೇಬೇಕು; ಚಿನ್ನಿದಾಂಡಿನಲ್ಲಿ ಸೋತವನು ಅತ್ತು ಮನೆಗೆ ಹೋದರೆ ನಾಳೆ ಆಟಕ್ಕೆ ಸೇರಿಸಿಕೊಳ್ಳುವವರಿಲ್ಲ. ಸೋಲನ್ನು ತಾಳುವುದು, ಜಗಳವಾಡಿ ಮತ್ತೆ ಒಂದಾಗುವುದು ಮಗುವಿಗೆ ಹೀಗೆ ರೂಢಿಯಾಗುತ್ತವೆ. ನಮ್ಮ ದೇಶದಲ್ಲಿ 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳಲ್ಲಿ ಆಹಾರದ ಜೊತೆಗೆ ಆಟಕ್ಕೂ ಸ್ಥಾನವಿದೆ. ಯಾವ ಕೇರಿಯ ಮಗುವೇ ಆಗಲಿ, ಅಲ್ಲಿ ಎಲ್ಲರೊಡನೆ ಕುಳಿತು ಆಡಬೇಕು. ‘ಅವರ ಮಕ್ಕಳ ಜೊತೆ ಸೇರಬೇಡ’ ಎಂಬ ಮಾತನ್ನು ದಯವಿಟ್ಟು ನಿಮ್ಮ ಮನೆಯಿಂದ ಹೊರಗೆ ಹಾಕಿರಿ.

ಹೆಣ್ಣುಮಗುವಿನ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಏಳೆಂಟು ವರ್ಷದ ಹುಡುಗಿಯ ಸೊಂಟದ ಮೇಲೆ ತಮ್ಮನನ್ನು ಕೂರಿಸಿ ತಾಯಿ ಕೂಲಿಗೆ ಹೋಗುತ್ತಾಳೆ. ಹುಡುಗರು ಬಯಲಿನಲ್ಲಿ ಆಡುತ್ತಿರುತ್ತಾರೆ. ಈಕೆ ನಿಂತು ನೋಡುತ್ತಿರುತ್ತಾಳೆ. ವಿಶ್ವಸಂಸ್ಥೆಯು 1989ರಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿಯು ಆಟವನ್ನು ಪ್ರತಿಯೊಂದು ಮಗುವಿನ ಹಕ್ಕೆಂದು ಸಾರಿದೆ. ಭಾರತವು 1992ರಲ್ಲಿ ಇದಕ್ಕೆ ಸಮ್ಮತಿಸಿದೆ. ಈ ಹಕ್ಕಿನಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ.

ತಂದೆಯರಿಗೂ ಒಂದು ಮಾತು. ಮಗುವನ್ನು ಆಡಿಸುವುದು ಹೆಂಗಸರ ಕೆಲಸವೆಂದು ತಿಳಿಯಬೇಡಿರಿ. ಹೆಗಲ ಮೇಲೆ ಕೂರಿಸಿಕೊಂಡು ಹೊಲದ ಬದುವಿನ ಮೇಲೆ ನಡೆದರೆ ಅದೂ ಆಟವೇ. ಇನ್ನೊಂದು ವಿಷಯವನ್ನು ಸಂಕೋಚವಿಲ್ಲದೆ ಹೇಳುತ್ತೇನೆ. ತಂದೆ ಕುಡಿದು ಬಂದು ತಾಯಿಯ ಮೇಲೆ ಕೈಮಾಡುವ ಮನೆಯ ಮಗು, ಮರುದಿನ ಗೊಂಬೆಯ ಕೂದಲು ಹಿಡಿದು ಹೊಡೆಯುತ್ತದೆ. ಆ ಮಗುವನ್ನು ಗದರಿಸಿ ಫಲವಿಲ್ಲ. ತಿದ್ದಬೇಕಾದುದು ಮನೆಯನ್ನು. ಕುಡಿತವನ್ನು ಬಿಡಲು ಸರ್ಕಾರಿ ಆಸ್ಪತ್ರೆಗಳಲ್ಲಿ ನೆರವು ದೊರೆಯುತ್ತದೆ. ಬನ್ನಿರಿ, ನಾವು ಆಸರೆಯಾಗುತ್ತೇವೆ.

ಅಳುವ ಮಗುವಿನ ಕೈಗೆ ಮೊಬೈಲ್ ಕೊಟ್ಟು ಸುಮ್ಮನಾಗಿಸುವ ಅಭ್ಯಾಸವು ಹಳ್ಳಿಗಳಿಗೂ ಬಂದಿದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ನೋಡುವ ಅಭ್ಯಾಸವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಸಲಹೆ ನೀಡಿದೆ. ಪರದೆಯು ಮಗುವಿನ ಮಾತಿಗೆ ಕಿವಿಗೊಡುವುದಿಲ್ಲ. ಆಟದಲ್ಲಿ ಸುರಕ್ಷತೆಯನ್ನೂ ಮರೆಯಬೇಡಿರಿ. ಮೂರು ವರ್ಷದೊಳಗಿನ ಮಗುವಿನ ಕೈಗೆ ಹುಣಸೆಬೀಜ, ಕಡಲೆಕಾಯಿ ಬೀಜ, ಗೋಲಿ, ಬ್ಯಾಟರಿ ಬಿಲ್ಲೆಗಳು ಸಿಗಬಾರದು; ಗಂಟಲಿಗೆ ಸಿಕ್ಕಿಕೊಂಡರೆ ಪ್ರಾಣಾಪಾಯ. ಕೀಟನಾಶಕದ ಖಾಲಿ ಡಬ್ಬಿಗಳು ಎಂದಿಗೂ ಆಟಿಕೆಗಳಾಗಬಾರದು. ಬಾವಿಗೂ ಕೃಷಿಹೊಂಡಕ್ಕೂ ಬೇಲಿ ಇರಲಿ.

ಮನೆಯ ಆಟದಿಂದಲೇ ಎಲ್ಲವೂ ಸರಿಹೋಗುವುದಿಲ್ಲ. ಕೆಲವು ಲಕ್ಷಣಗಳನ್ನು ಕಂಡರೆ ತಡಮಾಡದೆ ವೈದ್ಯರ ಬಳಿಗೆ ಬರಬೇಕು. ವರ್ಷ ತುಂಬಿದರೂ ಮಗು ಕೈಸನ್ನೆ ಮಾಡದಿದ್ದರೆ, ಹೆಸರು ಹಿಡಿದು ಕರೆದರೆ ತಿರುಗದಿದ್ದರೆ, ಎರಡು ವರ್ಷವಾದರೂ ಎರಡು ಪದಗಳನ್ನು ಕೂಡಿಸಿ ಹೇಳದಿದ್ದರೆ, ಕಲಿತ ಮಾತನ್ನೋ ಆಟವನ್ನೋ ಮರೆತರೆ, ಇತರ ಮಕ್ಕಳತ್ತ ನೋಡದೆ ಒಂದೇ ವಸ್ತುವನ್ನು ತಿರುಗಿಸುತ್ತ ಕುಳಿತಿದ್ದರೆ ಪರೀಕ್ಷೆ ಅವಶ್ಯಕ. ಸಾವು, ಅಪಘಾತ, ಬೆಂಕಿ ಮುಂತಾದವನ್ನು ಕಂಡ ಮಗು ಒಂದು ತಿಂಗಳು ಕಳೆದರೂ ಬೆಚ್ಚುತ್ತಿದ್ದರೆ, ಅದೇ ಭಯಂಕರ ಘಟನೆಯನ್ನು ಸಮಾಧಾನವಿಲ್ಲದೆ ಆಡುತ್ತಲೇ ಇದ್ದರೆ, ಅಥವಾ ಆಟವನ್ನೇ ತೊರೆದರೆ ಕರೆತನ್ನಿರಿ. ವಯಸ್ಸಿಗೆ ಮೀರಿದ ಲೈಂಗಿಕ ವರ್ತನೆ ಆಟದಲ್ಲಿ ಕಂಡುಬಂದರೆ ಮಗುವನ್ನು ಹೊಡೆಯದೆ, ಪ್ರಶ್ನೆಗಳಿಂದ ಪೀಡಿಸದೆ ವೈದ್ಯರಿಗೆ ತಿಳಿಸಿರಿ. ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಬಹುದು. ಮನಸ್ಸಿನ ತೊಂದರೆಗಳಿಗೆ ಟೆಲಿ ಮಾನಸ್ ಸಂಖ್ಯೆ 14416ರಲ್ಲಿ ಉಚಿತವಾಗಿ ಸಲಹೆ ದೊರೆಯುತ್ತದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವು ಅಂಗನವಾಡಿಗೆ ಬಂದಾಗಲೂ ಈ ವಿಷಯವನ್ನು ತಿಳಿಸಿರಿ.

ಕೊನೆಯದಾಗಿ, ಈ ವಿಷಯಕ್ಕೂ ಕುಟುಂಬ ಯೋಜನೆಗೂ ಇರುವ ಸಂಬಂಧವನ್ನು ಹೇಳಿ ಮುಗಿಸುತ್ತೇನೆ. ಒಂದು ಮಗು ಇನ್ನೂ ಮಡಿಲಲ್ಲಿರುವಾಗಲೇ ಮತ್ತೊಂದು ಬಂದರೆ ತಾಯಿಯ ದೇಹಕ್ಕೆ ವಿಶ್ರಾಂತಿಯಿಲ್ಲ. ಮೊದಲ ಮಗುವಿಗೆ ಮಡಿಲೂ ಇಲ್ಲ, ಆಟವೂ ಇಲ್ಲ. ಹೆರಿಗೆಯಾದ ಮೇಲೆ ಕನಿಷ್ಠ ಎರಡು ವರ್ಷ ಪುನಃ ಗರ್ಭ ಧರಿಸದಿದ್ದರೆ ಎರಡು ಮಕ್ಕಳ ನಡುವೆ ಸುಮಾರು ಮೂರು ವರ್ಷಗಳ ಅಂತರ ದೊರೆಯುತ್ತದೆ. ವಂಕಿ, ಅಂತರಾ ಚುಚ್ಚುಮದ್ದು, ಛಾಯಾ ಮಾತ್ರೆ, ನಿರೋಧ್ ಇವುಗಳಲ್ಲಿ ನಿಮಗೆ ಒಪ್ಪುವುದನ್ನು ಗಂಡಹೆಂಡಿರಿಬ್ಬರೂ ಕೂಡಿ ವಿಚಾರಿಸಿ ಆರಿಸಿಕೊಳ್ಳಿರಿ. ಆರೋಗ್ಯ ಕೇಂದ್ರದಲ್ಲಿ ಇವು ಉಚಿತ. ಈ ಮೂರು ವರ್ಷಗಳು ನಿಮ್ಮ ಮೊದಲ ಮಗುವಿಗೆ ನೀವು ಕೊಡುವ ಆಸ್ತಿ. ಮುಂದೆ ತಮ್ಮನೋ ತಂಗಿಯೋ ಬಂದಾಗ ಅದು ಆ ಆಸ್ತಿಯಿಂದಲೇ ಪ್ರೀತಿಯನ್ನು ಹಂಚುತ್ತದೆ.

ಇಂದು ಮನೆಗೆ ಹೋದ ಮೇಲೆ ನಿಮ್ಮ ಮಗುವಿನ ಪಕ್ಕದಲ್ಲಿ ನೆಲದ ಮೇಲೆ ಕುಳಿತುಕೊಳ್ಳಿರಿ. ಏನನ್ನೂ ಕಲಿಸಬೇಡಿರಿ. ಅದು ಕರಟದಲ್ಲಿ ಬಡಿಸಿದ ಮಣ್ಣಿನ ಅನ್ನವನ್ನು ಉಂಡಂತೆ ಮಾಡಿ, ಇನ್ನಷ್ಟು ಬಡಿಸೆಂದು ಕೇಳಿರಿ. ಉಳಿದುದನ್ನು ಮಗುವೇ ಹೇಳುತ್ತದೆ.